ಆರನೆಯ ಅಂಕಕ್ಕೆ ಬಂದವಳು

“ಇವಳೇ,” ಎಂದಳು ಯುರಾನಿಸ್. ಅವಳ ಬೆರಳು ಸತ್ತವಳ ಫೋಟೋದ ಮೇಲಿತ್ತು.

ನಾನು ಮೇಜಿನ ಮೇಲೆ ಎರಡು ಫೋಟೋ ಇಟ್ಟಿದ್ದೆ. ಒಂದು, ನಮ್ಮೂರಿನ ದೊನ್ಯಾ ಒತಿಲಿಯಾ ಅಮ್ಮನವರ ಮಗಳು ನೆರೆಯ್ದಾಳದು. ಇನ್ನೊಂದು, ನೆರೆಯ್ದಾಳ ಗಂಡನ ಚಿಕ್ಕಪ್ಪನ ಮಗಳು ಸುನಿಲ್ದಾಳದು. ಬೆರಳು ಸುನಿಲ್ದಾಳ ಮೇಲೆ ಹೋಗುತ್ತದೆಂದು ನಾನು ನಂಬಿಕೊಂಡು ಬಂದಿದ್ದೆ.

“ಇನ್ನೊಂದ್ಸಲ ನೋಡು ಮಗಳೇ.”

“ಎಷ್ಟು ಸಲ ನೋಡಿದ್ರೂ ಇವಳೇ ತಾತಾ. ಅವಳ ಎದುರಿಗೇ ಕೂತಿದ್ದೆ. ಈ ಮೇಜಿನಷ್ಟು ದೂರಾನೂ ಇರ್ಲಿಲ್ಲ.”

ಯುರಾನಿಸ್ ಬರ್ರಾಂಕಿಯಾದ ಒಂದು ಆಸ್ಪತ್ರೆಯಲ್ಲಿ ದಾದಿ. ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಬಂದು, ಬೀದಿ ಬದಿಯ ಅಂಗಡಿಯಲ್ಲಿ ಮೊಟ್ಟೆ ತುಂಬಿದ ಮೆಕ್ಕೆಜೋಳದ ರೊಟ್ಟಿ, ಅರೆಪಾ, ತಿನ್ನುತ್ತಿದ್ದಳು. ಕಳೆದ ತಿಂಗಳು ಅವಳೂ ಜರ್ಮನ್ ಭಾಷೆಯ ಪರೀಕ್ಷೆಗೆ ಕೂತಿದ್ದಳು. ಮಾತಿನ ಪರೀಕ್ಷೆಗೆ ಇಬ್ಬಿಬ್ಬರನ್ನು ಜೊತೆಯಾಗಿ ಒಳಗೆ ಕರೆಯುತ್ತಾರೆ. ಅವಳ ಜೊತೆಗೆ ಬಿದ್ದ ಹೆಸರು ನೆರೆಯ್ದಾ ಪಾಲ್ಮೆಸಾನೊ.

ಆ ನೆರೆಯ್ದಾ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ನಮ್ಮೂರು ಸಿಯೆನಗದ ಹಿನ್ನೀರಿನಲ್ಲಿ ದೋಣಿ ಮಗುಚಿ ಮುಳುಗಿಹೋಗಿದ್ದಳು. ಹೆಣ ಸಿಗಲಿಲ್ಲ. ಒಂಬತ್ತು ರಾತ್ರಿಯ ಪ್ರಾರ್ಥನೆ ಮುಗಿದು, ಮನೆಯಲ್ಲಿ ಅವಳಿಗಾಗಿ ಕಟ್ಟಿದ್ದ ಪೀಠ ತೆಗೆದು, ಹೂವೆಲ್ಲ ಒಣಗಿದ ಮೇಲೆ, “ನಿಮ್ಮ ಮಗಳು ಪಾಸಾಗಿದ್ದಾಳೆ” ಎಂದು ಭಾಷಾಶಾಲೆಯಿಂದ ತಾಯಿಗೆ ಫೋನ್ ಬಂದಿತ್ತು.

“ಮುಖ ಹೋಲೋರು ಇರ್ತಾರಲ್ಲ,” ಎಂದೆ.

“ನಾವು ಮುಖಕ್ಕಿಂತ ಮುಂಚೆ ಕೈ ನೋಡ್ತೀವಿ. ಅಭ್ಯಾಸ. ಎಡ ಮಣಿಕಟ್ಟಿನ ಒಳಭಾಗದಲ್ಲಿ ಸುಟ್ಟ ಕಲೆ ಇತ್ತು, ಎಲೆ ಅಂಟಿಸಿದ ಹಾಗೆ. ಬೆಂಕಿದಲ್ಲ ಅದು. ಯಾವುದೋ ರಸಾಯನದ್ದು.”

ನೆರೆಯ್ದಾ ಐಸ್ ಕಾರ್ಖಾನೆಯಲ್ಲಿ ಶೀತಕ ಯಂತ್ರಗಳ ಮೆಕ್ಯಾನಿಕ್ ಆಗಿದ್ದಳು. ಅಮೋನಿಯಾ ಸೋರಿ ಕೈ ಸುಟ್ಟುಕೊಂಡ ಕಥೆಯನ್ನು ಅವಳ ತಾಯಿ ನನಗೆ ಹೇಳಿದ್ದರು. ಯುರಾನಿಸ್‌ಗೆ ನಾನು ಹೇಳಿರಲಿಲ್ಲ.

“ಒಳಗೆ ಏನು ಮಾತಾಡಿದ್ರಿ?”

“ಇಬ್ಬರೂ ಸೇರಿ ಒಂದು ಕೆಲಸ ಯೋಚಿಸ್ಬೇಕು, ಜರ್ಮನ್‌ನಲ್ಲಿ. ಜೊತೇಲಿ ಕೆಲಸ ಮಾಡೋಳು ಆಸ್ಪತ್ರೆಲಿದಾಳೆ, ನೋಡೋಕೆ ಯಾವಾಗ ಹೋಗೋದು, ಏನು ತಗೊಂಡು ಹೋಗೋದು, ಅಂತ ನಮಗೆ ಬಂತು. ನಾನು ಹೂವು ತಗೊಂಡು ಹೋಗೋಣ ಅಂದೆ. ಎಲ್ಲರೂ ಹೇಳೋದು ಅದೇ ಅಲ್ವಾ. ಅವಳು ತಲೆ ಅಲ್ಲಾಡಿಸಿದ್ಲು. ‘ಹೂವು ಬೇಡ, ನನಗೆ ಹೂವು ಸಾಕಾಗಿಹೋಗಿದೆ’ ಅಂದ್ಲು.”

“ಪರೀಕ್ಷಕರು ಏನಂದ್ರು?”

“ನಕ್ಕರು. ವ್ಯಾಕರಣ ಸರಿಯಾಗಿತ್ತಲ್ಲ.”

“ನೀನು?”

“ನನಗೆ ನಗು ಬರ್ಲಿಲ್ಲ ತಾತಾ.” ಅರೆಪಾ ತಟ್ಟೆಗೆ ಬಿತ್ತು. “ಗಂಟಲಲ್ಲಿ ಮರಳು ತುಂಬ್ಕೊಂಡಿರೋ ಹಾಗಿತ್ತು ಆ ದನಿ. ಮೇಜಿನ ಮೇಲೆ ಇಬ್ಬರಿಗೂ ಒಂದೊಂದು ಲೋಟ ನೀರಿಟ್ಟಿದ್ರು. ಅವಳದು ಕುಡಿದ್ಲು. ಆಮೇಲೆ ನನ್ನದನ್ನೂ ಎತ್ತಿ ಕುಡಿದ್ಲು, ಕೇಳ್ಲೂ ಇಲ್ಲ. ಕೈ ಹಿಡಿದು ನಾಡಿ ನೋಡ್ಬಿಡ್ಲಾ ಅನ್ನಿಸ್ತು. ಧೈರ್ಯ ಬರ್ಲಿಲ್ಲ.”

ನನ್ನ ಕೈ ಜೇಬಿನಲ್ಲಿದ್ದ ಜಪಸರದ ಮೇಲೆ ಹೋಯಿತು. ಅದು ನನ್ನ ಹೆಂಡತಿ ಎಸ್ತೆರ್‌ಳದು. ಕಳೆದ ಕ್ರಿಸ್ಮಸ್ಸಿಗೆ ಮುಂಚೆ ಅವಳನ್ನು ಮಣ್ಣಿಗೆ ಕೊಟ್ಟಾಗಿನಿಂದ ಅದು ನನ್ನ ಜೇಬಿನಲ್ಲೇ ಇದೆ. ಸತ್ತವರ ಪೀಠದ ಮೇಲೆ ನಾವು ಒಂದು ಲೋಟ ನೀರು ಇಡುತ್ತೇವೆ. ಅಗಲಿದ ಜೀವಕ್ಕೆ ಬಾಯಾರಿಕೆ ಹೆಚ್ಚು. ಎಸ್ತೆರ್‌ಗೆ ಇಟ್ಟ ಲೋಟ ಬೆಳಿಗ್ಗೆ ನೋಡಿದಾಗ ಒಂದಿಷ್ಟು ಇಳಿದಿರುತ್ತಿತ್ತು. ಸೆಕೆಗೆ ಆವಿಯಾಗಿರಬಹುದು. ನಾನು ಯಾರನ್ನೂ ಕೇಳಲಿಲ್ಲ.

“ಹಾಗಾದ್ರೆ ಇವಳನ್ನ ನೀನು ನೋಡೇ ಇಲ್ಲ,” ಎಂದು ಸುನಿಲ್ದಾಳ ಫೋಟೋ ಹಿಂತೆಗೆದುಕೊಂಡೆ.

“ನೋಡಿಲ್ಲ ಅಂತ ಎಲ್ಲಿ ಹೇಳ್ದೆ? ಇವಳೂ ಇದ್ಲು. ಹೊರಗೆ ಬೆಂಚಿನ ಮೇಲೆ. ಒಳಗಿಂದ ನೆರೆಯ್ದಾ ಪಾಲ್ಮೆಸಾನೊ ಅಂತ ಕೂಗಿದ್ರು. ಇಬ್ಬರೂ ಎದ್ದರು.”

“ಒಂದೇ ಹೆಸರಿಗೆ?”

“ಹೂಂ. ಇವಳು ಬೆಂಚಿಂದ, ಅವಳು ಕಿಟಕಿ ಹತ್ತಿರದಿಂದ. ಅವಳು ಬಂದು ಇವಳ ಕಿವಿಲಿ ಏನೋ ಹೇಳಿದ್ಲು. ಇವಳು ಕುಸಿದು ಕೂತ್ಬಿಟ್ಲು. ನಾವು ಒಳಗೆ ಹೋಗಿ ಮುಗಿಸಿ ಬಂದಾಗ ಬೆಂಚ್ ಖಾಲಿ. ಕೆಳಗೆ ಇವಳ ಒಂದು ಚಪ್ಪಲಿ ಮಾತ್ರ ಬಿದ್ದಿತ್ತು.”

“ಪರೀಕ್ಷೆ ಮುಗಿದ ಮೇಲೆ ನಿನ್ನ ಜೊತೆಯವಳು ಎಲ್ಲಿ ಹೋದ್ಲು?”

“ನಾನು ಚಪ್ಪಲಿ ನೋಡ್ತಾ ನಿಂತಿದ್ದೆ. ತಿರುಗಿ ನೋಡಿದ್ರೆ ಅವಳಿಲ್ಲ.”

ನಾನು ಫೋಟೋಗಳನ್ನು ಜೇಬಿಗೆ ಸೇರಿಸಿದೆ. ಆಮೇಲೆ, ಜರ್ಮನಿಯ ವೀಸಾಕ್ಕೆ ಅಂಕ ಎಣಿಸುತ್ತಾರಂತಲ್ಲ, ಆ ಲೆಕ್ಕ ಏನೆಂದು ಕೇಳಿದೆ.

“ಅದೇ ಗೊತ್ತಿಲ್ದೆ ಪತ್ತೇದಾರಿಕೆ ಮಾಡ್ತಿದೀರಾ?” ಅವಳು ಮೊದಲ ಸಲ ನಕ್ಕಳು. “ಆರು ಅಂಕ ಆಗ್ಬೇಕು ತಾತಾ. ಆಯ್ತು ಅಂದ್ರೆ ಜರ್ಮನಿಗೆ ಹೋಗಿ ಒಂದು ವರ್ಷ ಕೆಲಸ ಹುಡುಕ್ಕೊಳ್ಳೋಕೆ ವೀಸಾ ಕೊಡ್ತಾರೆ. ಕಲಿತ ಕಸುಬಲ್ಲಿ ದುಡಿದ ವರ್ಷಗಳಿಗೆ ಮೂರು ತನಕ ಸಿಗತ್ತೆ, ಅವರಲ್ಲಿ ಜನ ಸಾಲದ ಕಸುಬಾದ್ರೆ ಇನ್ನೊಂದು. ವಯಸ್ಸಿಗೆ, ಮೂವತ್ತೈದರ ಒಳಗಿದ್ರೆ ಎರಡು, ದಾಟಿದ್ರೆ ನಲವತ್ತರ ತನಕ ಒಂದು. ಆಮೇಲೆ ಭಾಷೆ. ಎಲ್ಲರೂ ಒದ್ದಾಡೋದು ಅಲ್ಲೇ.”

“ಭಾಷೆ ಹತ್ತದೇ ಹೋದ್ರೆ?”

“ಬೇರೆ ದಾರಿನೂ ಇದೆ. ಗಂಡ ಹೆಂಡ್ತಿ ಇಬ್ಬರೂ ಅರ್ಹರಾಗಿ ಒಟ್ಟಿಗೆ ಅರ್ಜಿ ಹಾಕಿದ್ರೆ ಅದಕ್ಕೊಂದು ಅಂಕ. ನಮ್ಮ ವಾರ್ಡಲ್ಲಿ ಒಬ್ಬ ಕೇಳ್ದ, ಮದುವೆ ಆಗೋಣ್ವಾ ಅಂತ. ಒಂದು ಅಂಕಕ್ಕೋಸ್ಕರ ಜೀವಮಾನವೆಲ್ಲ ನಿನ್ನ ಗೊರಕೆ ಯಾರು ಕೇಳ್ತಾರೆ, ಹೋಗೋ ಅಂದೆ.”

ಅವಳು ನಗುತ್ತಿದ್ದಳು. ನಾನು ನೆರೆಯ್ದಾಳ ಗಂಡ ಅಮೌರಿಯನ್ನು ನೆನೆಯುತ್ತಿದ್ದೆ. ಅವನಿಗೆ ಮೂವತ್ತೈದು ದಾಟಿತ್ತು. ಭಾಷೆಯ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದ.

*

ಸಿಯೆನಗಕ್ಕೆ ಮರಳಿ ಬಂದಾಗ ದೊನ್ಯಾ ಒತಿಲಿಯಾ ಇಗರ್ಜಿಯ ಮೆಟ್ಟಿಲ ಮೇಲೆ ಕಾದು ಕೂತಿದ್ದರು. ನಾನು ಪೊಲೀಸ್ ತನಿಖಾದಳದಲ್ಲಿದ್ದವನೆಂದು ಊರಿಗೆಲ್ಲ ಗೊತ್ತು. ಆದರೆ ಆಕೆ ನನ್ನ ಬಳಿ ಬಂದದ್ದು ಅದಕ್ಕಲ್ಲ. ಪೂಜೆಯಲ್ಲಿ ನಾವು ಒಂದೇ ಬೆಂಚಿನಲ್ಲಿ ಕೂರುವವರು.

“ಗುರುಗಳು ಇವತ್ತೂ ಕೇಳಿದ್ರು ದೊನ್ ಬಾಲ್ದೊ. ಭಾನುವಾರದ ಬಲಿಪೂಜೆಲಿ ನೆರೆಯ್ದಾಳ ಹೆಸರನ್ನ ಬದುಕಿರೋರ ಜೊತೆ ಓದ್ಲಾ, ತೀರಿಹೋದೋರ ಜೊತೆ ಓದ್ಲಾ ಅಂತ. ಎದ್ದು ಬಂದ್ಬಿಟ್ಟೆ. ಹೆತ್ತೋಳಿಗೇ ಅಷ್ಟು ಗೊತ್ತಿಲ್ಲ ಅಂದ್ರೆ ಹ್ಯಾಗೆ ಹೇಳಿ.”

ಆಕೆ ಅಳಲಿಲ್ಲ. ಅತ್ತು ಮುಗಿದಿತ್ತು. ಈಗ ಉಳಿದಿದ್ದದ್ದು ಆ ಪ್ರಶ್ನೆ ಒಂದೇ. ಮಗಳಿಗಾಗಿ ಬಾಗಿಲು ತೆರೆದಿಟ್ಟು ಕಾಯಬೇಕೋ, ಅವಳ ಆತ್ಮಕ್ಕೆ ಶಾಂತಿ ಬೇಡಬೇಕೋ ತಿಳಿಯದೆ ಆಕೆ ಎರಡನ್ನೂ ಮಾಡದೆ ಬದುಕುತ್ತಿದ್ದರು. ನಾನು ನನ್ನವಳಿಗೆ ಶಾಂತಿಯನ್ನಾದರೂ ಬೇಡಬಲ್ಲೆ.

“ಸೋರೆಬುರುಡೆ ತೇಲಿಬಿಟ್ಟ ದಿನ ಏನಾಯ್ತು, ಇನ್ನೊಂದ್ಸಲ ಹೇಳಿ,” ಎಂದೆ.

ನೀರಿನಲ್ಲಿ ಹೋದವರ ದೇಹ ಸಿಗದಿದ್ದರೆ ನಾವು ಸೋರೆಬುರುಡೆಯ ಹೋಳಿನಲ್ಲಿ ಮೇಣದಬತ್ತಿ ಹಚ್ಚಿ ನೀರಿಗೆ ಬಿಡುತ್ತೇವೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳುಗು ಹಾಕಿ ಹುಡುಕುತ್ತೇವೆ. ಹೋದವರು ಕೊನೆಗೆ ಕಾಲಿಟ್ಟ ನೆಲದಿಂದ ಅದನ್ನು ಬಿಡಬೇಕು. ಹೆತ್ತ ಕೈ ಬಿಡಬೇಕು.

“ನಾನೇ ಹಚ್ಚಿದ್ದೆ. ಅವಳು ಐಸ್ ಕಾರ್ಖಾನೆ ಹಿಂದಿನ ಕಟ್ಟೆಯಿಂದ ದೋಣಿ ಹತ್ತಿದ್ಲು ಅಂತ ಅಮೌರಿನೇ ಹೇಳಿದ್ನಲ್ಲ, ಅಲ್ಲಿಂದ್ಲೇ ಬಿಡೋದು ಅಂತ ಎಲ್ಲರೂ ಹೊರಟಿದ್ವಿ. ಅಷ್ಟರಲ್ಲಿ ಅವನು ಬಂದು, ಅತ್ತೆ, ನಿಮ್ಮ ಕೈ ನಡುಗ್ತಿದೆ, ಕೊಡಿ ಇಲ್ಲಿ ಅಂತ ಇಸ್ಕೊಂಡ. ದೋಣಿ ಮಗುಚಿದ್ದ ಜಾಗದಲ್ಲೇ ಬಿಡೋಣ ಅಂತ ನಡುನೀರಿಗೆ ಕರ್ಕೊಂಡು ಹೋದ. ಬೆಳಗಿನ ಗಾಳಿ ಜೋರಾಗಿ ಬೀಸ್ತಿತ್ತು. ಬುರುಡೆ ಕುದುರೆ ಥರ ಓಡ್ತು. ಎಲ್ಲ ದೋಣಿನೂ ಅದರ ಹಿಂದೇನೇ ಹೋದ್ವು.”

“ಹಾಗೆ ಮಾಡಬಾರದು ಅಂತ ಯಾರೂ ಅನ್ನಲಿಲ್ವಾ?”

“ಗಂಡ ಅಲ್ವಾ. ಎಷ್ಟು ಕರುಣೆ ಇದೆ ಇವನಿಗೆ ಅಂದ್ಕೊಂಡ್ವಿ.”

ಬೇರೆ ಊರಿನವರಾಗಿದ್ದರೆ ಮೊದಲು ಕಟ್ಟೆಯ ಬುಡವನ್ನು ನೋಡುತ್ತಿದ್ದರು. ನಮ್ಮವರು ದೀಪದ ಹಿಂದೆ ಹೋದರು. ನಮ್ಮ ಭಕ್ತಿ ಯಾವ ದಿಕ್ಕಿಗೆ ಓಡುತ್ತದೆಂದು ಬಲ್ಲವನೊಬ್ಬ ಗಾಳಿಯನ್ನೂ ನೋಡಿಕೊಂಡು ಅದನ್ನು ಕಟ್ಟೆಯಿಂದ ದೂರಕ್ಕೆ ಓಡಿಸಿದ್ದ; ಹಾಗಾದರೆ ಬಚ್ಚಿಡಬೇಕಾದದ್ದು ಕಟ್ಟೆಯ ಬುಡದಲ್ಲೇ ಇತ್ತು. ಕೊಲೆಗಿಂತಲೂ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ದೇವರು ಕ್ಷಮಿಸಲಿ.

“ಮನೇಲಿ ಇನ್ನೊಂದು ಬುರುಡೆ ಇದೆಯಾ?”

“ಇದೆ.”

“ನಾಳೆ ಮಧ್ಯಾಹ್ನ ತನ್ನಿ. ಗಾಳಿ ಬಿದ್ದ ಮೇಲೆ.”

*

ನಮ್ಮಲ್ಲಿ ನಡುಮಧ್ಯಾಹ್ನಕ್ಕೆ ಊರು ಸತ್ತಂತಿರುತ್ತದೆ. ನಾಯಿಗಳೂ ನೆರಳು ಬಿಟ್ಟು ಏಳುವುದಿಲ್ಲ. ಐಸ್ ಕಾರ್ಖಾನೆಯ ಕೆಲಸಗಾರರು ಊಟಕ್ಕೆ ಹೋಗಿದ್ದರು. ಬಾಗಿಲು ತೆರೆದೇ ಇತ್ತು. ಒಳಗಿನ ತಣ್ಣನೆಯ ಮಂಜು ಹೊಸ್ತಿಲು ದಾಟಿ ಬಂದು, ಬಿಸಿಲಿನಲ್ಲಿ ನನ್ನ ಕಾಲಿಗೆ ಸುತ್ತಿಕೊಂಡು, ಕರಗಿಹೋಗುತ್ತಿತ್ತು. ದೊನ್ಯಾ ಒತಿಲಿಯಾ ಹಿಂದಿನ ಕಟ್ಟೆಯ ಮೇಲೆ, ಮಡಿಲಲ್ಲಿ ಬುರುಡೆ ಇಟ್ಟುಕೊಂಡು ಕೂತರು. ನಾನು ಒಳಗೆ ಹೋದೆ.

ಅಮೌರಿ ಅಲ್ಲಿಯ ಮೇಲ್ವಿಚಾರಕ. ಯಂತ್ರಕೋಣೆಯ ಮುಂದೆ ಸ್ಟೂಲಿನ ಮೇಲೆ ಕೂತು ಮೀನು ಅನ್ನ ತಿನ್ನುತ್ತಿದ್ದ.

“ಬನ್ನಿ ದೊನ್ ಬಾಲ್ದೊ. ಸೆಕೆ ತಡೀಲಾರದೆ ಬಂದ್ರಾ, ನನ್ನ ಹಿಡಿಯೋಕೆ ಬಂದ್ರಾ?”

“ಎರಡಕ್ಕೂ ಇದೇ ಜಾಗ ಅನುಕೂಲ.”

“ಊಟ ಆಗಿದ್ಯಾ?”

“ಆಗಿದೆ. ಸುನಿಲ್ದಾಳ ವಿಷಯ ಗೊತ್ತಾಯ್ತು.”

ಅವನು ತುತ್ತು ನುಂಗಿದ. ಹೆದರುತ್ತಾನೆಂದುಕೊಂಡೆ. ಅವನ ಭುಜಗಳು ಸಡಿಲಾದವು. ಇಷ್ಟೇ ತಾನೇ ಎಂಬ ಸಮಾಧಾನ ಅದು. ನನ್ನ ಕೆಲಸದಲ್ಲಿ ಆ ಸಮಾಧಾನವನ್ನು ಬಹಳ ಮುಖಗಳ ಮೇಲೆ ಕಂಡಿದ್ದೇನೆ.

“ಸರಿ, ಒಪ್ಕೋತೀನಿ,” ಎಂದ. “ಎಲ್ಲ ಸೇರಿ ನನಗೆ ಐದು ಅಂಕ. ಆ ಭಾಷೆ ನನ್ನ ನಾಲಿಗೆಗೆ ಹತ್ತಲ್ಲ. ಆರನೇ ಅಂಕ ಅಂದ್ರೆ ನನ್ನ ಹೆಂಡ್ತಿ. ಹೆಣ ಸಿಕ್ಕಿಲ್ಲ, ಕಾನೂನಿನ ಕಣ್ಣಲ್ಲಿ ಅವಳು ಇನ್ನೂ ಬದುಕಿದಾಳೆ. ಅವಳಿಗೂ ಬಾಕಿ ಇದ್ದದ್ದು ಭಾಷೆ ಪರೀಕ್ಷೆ ಒಂದೇ. ಸುನಿಲ್ದಾ ಆ ದೇಶದಲ್ಲಿ ಮಕ್ಕಳನ್ನ ನೋಡ್ಕೊಂಡಿದ್ದು ಬಂದೋಳು, ಮುಖಾನೂ ಒಂಚೂರು ಹೋಲತ್ತೆ. ನೆರೆಯ್ದಾಳ ಗುರುತಿನ ಚೀಟಿ ಕೊಟ್ಟು ಅವಳನ್ನ ಕೂರಿಸ್ದೆ. ಸತ್ತೋಳಿಗೆ ಇದರಿಂದ ಏನು ನಷ್ಟ ಹೇಳಿ?”

“ಬದುಕಿದ್ದಾಗ ನಿನ್ನ ಜೊತೆ ಅರ್ಜಿ ಹಾಕೋಕೆ ಅವಳು ಒಪ್ಪಿದ್ಲಾ?”

“ಗಂಡ ಹೆಂಡ್ತಿ ನಡುವಿನ ಮಾತು ಅದು.”

“‘ನಾನೊಬ್ಬಳೇ ಹೋಗ್ತೀನಿ ಅಮ್ಮಾ’ ಅಂತ ತಾಯಿ ಹತ್ರ ಹೇಳಿದ್ಲಂತೆ. ಮುಳುಗೋಕೆ ಸ್ವಲ್ಪ ಮುಂಚೆ.”

ಅವನು ತಟ್ಟೆಯನ್ನು ಪಕ್ಕಕ್ಕಿಟ್ಟ. “ಕಳ್ಳ ಪರೀಕ್ಷೆ ಬರೆಸ್ದೆ ಅಂತ ಬರ್ಕೊಳ್ಳಿ. ಅದಕ್ಕೆ ಏನು ಶಿಕ್ಷೆಯೋ ಕೊಡಿ. ಬೇರೆ ಕಥೆ ಕಟ್ಟಬೇಡಿ.”

“ಸುನಿಲ್ದಾ ಪರೀಕ್ಷೆಗೆ ಕೂತ್ಲು ಅಂತ ನಿನಗೆ ಹೇಳಿದ್ಯಾರು?”

“ಅವಳೇ.”

“ಈಗ ಇನ್ನೊಂದ್ಸಲ ಕೇಳು. ನನಗೂ ಕೇಳೋ ಹಾಗೆ.”

ಅವನು ನನ್ನನ್ನೇ ನೋಡುತ್ತ ಫೋನ್ ಮಾಡಿದ. ಸುನಿಲ್ದಾ ಎತ್ತಿದಳು.

“ಏ, ನೀನು ಆವತ್ತು ಪರೀಕ್ಷೆಗೆ ಒಳಗೆ ಹೋಗಿದ್ದೆ ತಾನೆ? ಇಲ್ಲಿ ಒಬ್ಬರು ನಿವೃತ್ತ ದೊರೆಗಳಿಗೆ ಅನುಮಾನ ಬಂದಿದೆ.”

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು.

“ಸುನಿಲ್ದಾ?”

“ನಾನು ಹೋಗ್ಲಿಲ್ಲ ಅಮೌರಿ.” ಅವಳು ಪಿಸುಗುಟ್ಟುತ್ತಿದ್ದಳು. “ನೀನು ಬೈತೀಯಾ ಅಂತ ಸುಳ್ಳು ಹೇಳ್ದೆ. ಹೆಸರು ಕೂಗಿದಾಗ ಅವಳು ಎದ್ದು ಬಂದ್ಲು. ನನ್ನ ಕೈಲಿದ್ದ ಚೀಟಿ ತಗೊಂಡ್ಲು. ನಿಮ್ಮ ಕಾರ್ಖಾನೆ ಐಸ್ ಗಡ್ಡೆ ಮುಟ್ಟಿದ ಹಾಗಿತ್ತು ಆ ಕೈ.”

“ಯಾರು?”

“‘ಕೂತ್ಕೋ ಸುನಿಲ್ದಾ’ ಅಂದ್ಲು. ‘ನನ್ನ ಅಂಕ ನಾನೇ ತಗೋತೀನಿ’ ಅಂದ್ಲು. ಯಾರು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ನಾನು ಅವಳ ಒಂಬತ್ತು ರಾತ್ರಿನೂ ಕೂತು ಪ್ರಾರ್ಥನೆ ಮಾಡಿದೀನಿ.”

ಫೋನ್ ಸತ್ತಿತು. ಯಂತ್ರದ ಗುಂಯ್ ಎಂಬ ಸದ್ದು ಮಾತ್ರ ಉಳಿಯಿತು.

“ಸುಳ್ಳು,” ಎಂದ ಅಮೌರಿ. “ಅವಳು ಬರೋಕಾಗಲ್ಲ.”

“ಯಾಕಾಗಲ್ಲ? ಹೆಣ ಸಿಕ್ಕಿಲ್ಲ ಅಂತ ಈಗ ತಾನೆ ನೀನೇ ಹೇಳ್ದೆ.”

“ಅವಳು ಬರೋಕಾಗಲ್ಲ ದೊನ್ ಬಾಲ್ದೊ.”

ಅವನಿಗೆ ತಿಳಿಯದೆಯೇ ಅವನ ಕಣ್ಣು ಕಿಟಕಿಯ ಕಡೆಗೆ ಹೋಗಿತ್ತು. ಕಿಟಕಿಯಾಚೆ ಕಟ್ಟೆ. ಕಟ್ಟೆಯ ತುದಿಗೆ, ಅರ್ಧ ನೀರಿನಲ್ಲಿ ನಿಂತ ಕೊನೆಯ ಕಂಬ.

“ಆವತ್ತು ಊರನ್ನೆಲ್ಲ ಒಂದು ದೀಪದ ಹಿಂದೆ ಓಡಿಸಿದೆಯಲ್ಲ ಮಗನೇ,” ಎಂದೆ. “ಯಾರೂ ಹಿಂದಕ್ಕೆ ತಿರುಗಿ ನೋಡಬಾರದು ಅಂತ. ಬಾ, ಈಗ ಗಾಳಿ ಇಲ್ಲ. ನಿಮ್ಮತ್ತೆ ಇಲ್ಲೇ ಇದ್ದಾರೆ. ಅವರ ಕೈಯೂ ಇವತ್ತು ನಡುಗ್ತಾ ಇಲ್ಲ.”

ಬರುವುದಿಲ್ಲ ಎಂದು ಅವನು ಹೇಳಬಹುದಾಗಿತ್ತು. ಎದ್ದು ನನ್ನ ಹಿಂದೆ ಬಂದ.

ಹಿನ್ನೀರು ಕನ್ನಡಿಯಂತಿತ್ತು. ದೂರದ ಮ್ಯಾಂಗ್ರೋವ್ ಕಾಡಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ದೊನ್ಯಾ ಒತಿಲಿಯಾ ಅಳಿಯನನ್ನು ನೋಡಲಿಲ್ಲ. ಬತ್ತಿ ಹಚ್ಚಿದರು. ಆ ಬಿಸಿಲಿನಲ್ಲಿ ಜ್ವಾಲೆ ಕಾಣುತ್ತಲೇ ಇರಲಿಲ್ಲ, ಅದರ ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು. ಆಕೆ ಮೆಟ್ಟಿಲಿಳಿದು, ಮಗಳ ಹೆಸರನ್ನು ಊಟಕ್ಕೆ ಕರೆಯುವಂತೆ ಮೆಲ್ಲಗೆ ಕರೆದು, ಬುರುಡೆಯನ್ನು ನೀರಿಗಿಟ್ಟರು.

ಅದು ನಿಂತಲ್ಲೇ ಒಂದು ಸುತ್ತು ತಿರುಗಿತು. ಆಮೇಲೆ ಹೊರಟಿತು.

ಸಮುದ್ರದ ಇಳಿತದ ಸೆಳೆತ ಇದ್ದಿರಬಹುದು. ಆದರೆ ಅದು ಕಂಬಗಳ ಪಕ್ಕಪಕ್ಕದಲ್ಲೇ, ದಾರಿ ಗೊತ್ತಿರುವವರ ಹಾಗೆ, ಕೊನೆಯ ಕಂಬದತ್ತ ಹೋಯಿತು. ನಾನು ಬುರುಡೆಯನ್ನು ನೋಡಲಿಲ್ಲ. ಅಮೌರಿಯನ್ನು ನೋಡುತ್ತಿದ್ದೆ. ಬುರುಡೆ ಕೊನೆಯ ಕಂಬವನ್ನು ಮುಟ್ಟಿದಾಗ ಅವನು ಉಸಿರು ಬಿಗಿಹಿಡಿದ.

ಬುರುಡೆ ನಿಲ್ಲಲಿಲ್ಲ. ಕಂಬವನ್ನು ಒರಸಿಕೊಂಡು, ದಾಟಿ, ತೆರೆದ ನೀರಿಗೆ ಹೋಗಿಬಿಟ್ಟಿತು.

ಅವನು ಬಿಡುಗಡೆಯ ಉಸಿರು ಬಿಡಬೇಕಾಗಿತ್ತು. ಆದರೆ ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

“ನಿಲ್ಲಬೇಕು,” ಎಂದ. “ಅಲ್ಲೇ ನಿಲ್ಲಬೇಕು ಅದು.”

“ಯಾಕೆ ಅಮೌರಿ?”

“ಅಲ್ಲೇ ಇದಾಳೆ. ಅಲ್ಲೇ ಇರ್ಬೇಕು ಅವಳು.”

ನಾನು ಹಿಡಿಯುವ ಮೊದಲೇ ಅವನು ಅಂಗಿ ಸಮೇತ ನೀರಿಗೆ ಹಾರಿದ. ನೀರು ಕೆಸರಾಯಿತು. ಒಮ್ಮೆ ಮೇಲೆ ಬಂದ, ಉಸಿರೆಳೆದುಕೊಂಡು ಮತ್ತೆ ಹೋದ. ದೊನ್ಯಾ ಒತಿಲಿಯಾ ಮೆಟ್ಟಿಲ ಮೇಲೆ ನಿಂತಲ್ಲೇ ನಿಂತಿದ್ದರು. ನಾನು ಪರಲೋಕಮಂತ್ರ ಶುರುಮಾಡಿದ್ದೆ. ಅದು ಯಾರಿಗಾಗಿ ಎಂದು ನನಗೇ ತಿಳಿದಿರಲಿಲ್ಲ.

ಅವನು ಈಜಿ ಬಂದು ಮೆಟ್ಟಿಲು ಹತ್ತಿದಾಗ ಕೈಯಲ್ಲಿ ಸರಪಳಿ ಇತ್ತು. ಐಸ್ ಗಡ್ಡೆ ಎತ್ತುವ ದಪ್ಪ ಸರಪಳಿ. ಎರಡೂ ಕೈಯಿಂದ ಎಳೆದ. ಭಾರ ಬರುತ್ತದೆಂದು ಕಾಲು ಊರಿ, ಮೈ ಹಿಂದಕ್ಕೆ ಬಾಗಿಸಿ ಎಳೆದ. ಸರಪಳಿ ಹಗುರಾಗಿ, ಒಂದೇ ಸಲಕ್ಕೆ, ಬರಿದಾಗಿ ಬಂತು. ಅವನು ಮೆಟ್ಟಿಲ ಮೇಲೆ ಅಂಗಾತ ಬಿದ್ದ.

ತುದಿಯಲ್ಲಿ ಬೀಗವಿತ್ತು. ಯಂತ್ರಕೋಣೆಯ ಹಿತ್ತಾಳೆ ಬೀಗ, ಪಾಚಿ ಹಿಡಿದಿತ್ತು. ಅದನ್ನು ಯಾರೂ ಒಡೆದಿರಲಿಲ್ಲ. ತೆರೆದಿತ್ತು. ಕೀಲಿ ಅದರಲ್ಲೇ ಇತ್ತು.

ಅಮೌರಿಯ ಕೈ ತನ್ನ ಕೊರಳಿಗೆ ಹೋಯಿತು. ದಾರದಲ್ಲಿ ಕಟ್ಟಿದ್ದ ಅವನ ಕೀಲಿ ಅಲ್ಲೇ ಇತ್ತು. ಅದನ್ನು ಹಿಡಿದುಕೊಂಡು, ಬೀಗದಲ್ಲಿದ್ದ ಕೀಲಿಯನ್ನೇ ನೋಡಿದ.

“ಎರಡನೇ ಕೀಲಿ ಯಾರ ಹತ್ರ ಇತ್ತು?” ಎಂದೆ.

ಅವನ ಹಲ್ಲು ಕಟಕಟ ಎನ್ನುತ್ತಿದ್ದವು, ಆ ಸುಡುಬಿಸಿಲಿನಲ್ಲಿ.

“ಮೆಕ್ಯಾನಿಕ್ ಹತ್ರ. ಅವಳ ಪ್ಯಾಂಟಿನ ಜೇಬಲ್ಲಿ.” ಕೊರಳಿನ ಕೀಲಿಯಿಂದ ಕೈ ತೆಗೆದ. “ತೆಗೀಲಿಲ್ಲ ನಾನು. ಅವಳ ಜೇಬಲ್ಲೇ ಇತ್ತು.”

ದೊನ್ಯಾ ಒತಿಲಿಯಾ ಅವನ ಪಕ್ಕದಲ್ಲಿ ಮಂಡಿಯೂರಿದರು. ಹೊಡೆಯುತ್ತಾರೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಆಕೆ ಅವನ ಹಣೆಗಂಟಿದ್ದ ಒದ್ದೆ ಕೂದಲನ್ನು ಸರಿಸಿ, ಕಣ್ಣು ಕಾಣುವ ಹಾಗೆ ಮಾಡಿಕೊಂಡರು.

“ನನಗೆ ಒಂದೇ ಒಂದು ಹೇಳು ಅಮೌರಿ, ಭಾನುವಾರ ಗುರುಗಳಿಗೆ ಉತ್ತರ ಕೊಡ್ಬೇಕು. ನೀನು ಅವಳನ್ನ ನೀರಿಗೆ ಹಾಕ್ದಾಗ ಉಸಿರಿತ್ತಾ?”

ಅವನು ಬೀಗವನ್ನು ನೋಡಿದ. ಆಕೆಯ ಮುಖವನ್ನು ನೋಡಿದ.

“ನಾನು ನೋಡ್ಲಿಲ್ಲ ಅತ್ತೆ,” ಎಂದ.